ಬೀಗರ ಮುಂದೆ ಕೆಡದ ರೊಟ್ಟಿ ಮಶಿನ್

ಕಳೆದ ವಾರ ಅಥಣಿಯ ಒಂದು ಮಂಗಲ ಕಾರ್ಯಾಲಯದಲ್ಲಿ ನಾನು ಒಬ್ಬ ಬೀಗಿತಿಯನ್ನು ಕುರ್ಚಿಯಿಂದ ಎಬ್ಬಿಸಿ ಕಳಿಸಿದೆ. ನನ್ನ ಬೀಗಿತಿ ಅಲ್ಲ, ಇನ್ನೊಬ್ಬಳ ಬೀಗಿತಿ. ಬೇಕಂತಲೇ ಕಳಿಸಿದೆ.

ನಮ್ಮ ಕಡೆ ಇದು ಸಣ್ಣ ಮಾತಲ್ಲ. ಬೀಗರಿಗೆ ಕುರ್ಚಿ ಕೊಡುವುದು ಎಲ್ಲರಿಗೂ ಗೊತ್ತು. ಬಿಡಿಸುವ ಧೈರ್ಯ ಯಾರಿಗಿದೆ? ಯಾಕೆ ಹಾಗೆ ಮಾಡಿದೆ, ಹೇಳುತ್ತೇನೆ.

ಮನೆಯಲ್ಲೇ ರೊಟ್ಟಿ, ಹಪ್ಪಳ, ಚಟ್ನಿ ಮಾಡಿ ಮಾರುವ ಹೆಂಗಸರ ಸಮಾವೇಶ ಅದು. (ನನ್ನದು ಶೇಂಗಾ ಚಟ್ನಿ. ನಿಮ್ಮಲ್ಲಿ ಕೆಲವರು ತಿಂದು, ಖಾರ ಜಾಸ್ತಿ ಆಯಿತು ಅಂತ ಫೋನ್ ಕೂಡ ಮಾಡಿದ್ದೀರಿ. ಖಾರ ಅಷ್ಟೇ ಇರುತ್ತದೆ.) ನಿಪ್ಪಾಣಿ, ಚಿಕ್ಕೋಡಿಯಿಂದಲೂ ಬಂದಿದ್ದರು. ಮುಂಜಾನೆಯೆಲ್ಲ ಸ್ಟೇಜಿನ ಮೇಲೆ ಭಾಷಣ. ನಾವು ಕೆಳಗೆ ಕೂತು ಫ್ಯಾನಿನ ಗಾಳಿ ಯಾರ ಕಡೆ ಬರುತ್ತದೆ ಅಂತ ನೋಡುತ್ತಿದ್ದೆವು.

ಆಮೇಲೆ ಬೆಳಗಾವಿಯಿಂದ ಬಂದಿದ್ದ ಮೇಡಂ ಮೈಕ್ ಹಿಡಿದಳು. ಚುರುಕು ಹುಡುಗಿ. "ಭಾಷಣ ಸಾಕ್ರಿ. ಈಗ ಎಂಟೆಂಟ ಮಂದಿ ದುಂಡಗ ಕೂಡ್ರಿ. ನಿಮ್ಮ ಅಡಚಣಿ ನೀವಽ ಮಾತಾಡ್ರಿ" ಎಂದಳು. ಗುರುತು ಪರಿಚಯ ಇದ್ದವರು ಒಟ್ಟಿಗೆ ಕೂತರೆ ಫ್ರೀ ಆಗಿ ಮಾತಾಡುತ್ತಾರೆ ಅಂತ ಅವಳ ಲೆಕ್ಕ. ನನಗೂ ಅದು ಬರೋಬರಿ ಅನಿಸಿತು. ರೊಟ್ಟಿ ಗುಂಪಿಗೆ ನನ್ನನ್ನೇ ಲೀಡರ್ ಮಾಡಿದಳು. ಚಟ್ನಿಯವಳಿಗೆ ರೊಟ್ಟಿ ಗುಂಪು ಯಾಕೆ ಅಂದರೆ, "ರೊಟ್ಟಿ ಜೋಡಿ ಚಟ್ನಿ ಇರಬೇಕಲ್ರಿ ಆಯಿ" ಅಂದಳು. ಮುದುಕಿಯರನ್ನು ಒಪ್ಪಿಸುವುದನ್ನು ಎಲ್ಲೋ ಚೆನ್ನಾಗಿ ಕಲಿತು ಬಂದಿದ್ದಾಳೆ.

ಮೊದಲು ಪರಿಚಯ. ಹೆಸರು ಹೇಳಿ, ಕೆಲಸ ಹೇಳಿ, ಮುಗಿಸಿ ಅಂತ ಅಪ್ಪಣೆ. ನಮ್ಮಲ್ಲಿ ಹೆಸರಿಗೆ ಯಾರು ನಿಲ್ಲುತ್ತಾರೆ?

"ತವರ ಯಾವೂರ್ರಿ?"

"ಉಗಾರ ಬುದ್ರುಕ."

"ಅಲ್ಲೆ ಯಾರ ಪೈಕಿ?"

ಒಬ್ಬಳ ಅತ್ತಿಗೆ ಇನ್ನೊಬ್ಬಳ ಮಾವಶಿ ಅಂತ ಗೊತ್ತಾಯಿತು. ಚಹಾ ಬಂತು, ಕಪ್ಪು ಖಾಲಿ ಆದವು. ಅಷ್ಟು ಹೊತ್ತಿಗೆ ನಮ್ಮ ಗುಂಪಿನಲ್ಲಿ ಹೊರಗಿನವರು ಅಂತ ಒಬ್ಬರೂ ಉಳಿದಿರಲಿಲ್ಲ. ಎಲ್ಲರಿಗೂ ಖುಷಿಯೋ ಖುಷಿ.

ಆಗ ಜುಗೂಳದ ತ್ರಿಶಲಾ ಬಾಯಿ ತೆಗೆದಳು. ಮದುವೆಯಾಗಿ ಬಹಳ ದಿನ ಆಗಿಲ್ಲ. ಊರ ಹೊರಗೆ ತೋಟದ ಮನೆ. ಕೈಯಲ್ಲಿ ರೊಟ್ಟಿ ಬಡಿದು ಮಾರುತ್ತಾಳೆ. ಈಗ ದೊಡ್ಡ ರೊಟ್ಟಿ ಮಶಿನ್ ತರಬೇಕು ಅಂತ ಅತ್ತೆ, ಸೊಸೆ ಮನಸ್ಸು ಮಾಡಿದ್ದಾರೆ. ಅದಕ್ಕೆ ಮನೆಯ ಎಮ್ಮೆ ಮಾರಬೇಕು. ಇರುವುದೇ ಒಂದು ಎಮ್ಮೆ. ಕೊಳ್ಳುವವನು ಅವತ್ತು ಸಂಜೆಯೇ ಬರುವವನಿದ್ದ.

"ಎಮ್ಮಿ ಒಂದ ಸಲಾ ಹೋತಂದ್ರ ಹೋತ್ರಿ. ನಮ್ಮಂಥಾ ತೋಟದ ಮನ್ಯಾಗ ಮಶಿನ್ ನಡೀತೈತ್ಯೋ ಇಲ್ಲೋ, ತಗೊಂಡಾವ್ರು ಖರೇ ಹೇಳ್ರಿ. ನಮ್ಮ ಅತ್ತಿಯವರಿಗೆ ಫೋನ್ ಮಾಡಬೇಕು."

ಕೊಕಟನೂರಿನ ಶೋಭಾಳ ಹತ್ತಿರ ಅದೇ ಮಶಿನ್ ಇದೆ. ಅವಳದೂ ತೋಟದ ಮನೆ. ಎಲ್ಲರೂ ಶೋಭಾಳ ಕಡೆ ನೋಡಿದರು. ಶೋಭಾ ಮಾತ್ರ ರಾಯಬಾಗದ ಚಂಪಾಬಾಯಿಯ ಕಡೆ ನೋಡಿದಳು. ಚಂಪಾಬಾಯಿ ಅವಳ ಹೊಸ ಬೀಗಿತಿ. ಶೋಭಾಳ ಮಗಳು, ಚಂಪಾಬಾಯಿಯ ಮಗ. ಸಾಖರಪುಡಾ ಮಾಡಿ ನಿಶ್ಚಯ ಆಗಿದೆ, ಮದುವೆ ಇನ್ನೂ ಆಗಬೇಕು.

"ಭಾಳ ಛಲೋ ನಡದೈತಿ" ಅಂದಳು ಶೋಭಾ.

"ನಮ್ಮ ಬೀಗರದು ಏನಿದ್ರೂ ಛಲೋನಽ ಇರತೈತಿ" ಅಂತ ಚಂಪಾಬಾಯಿ ಸೆರಗು ಸರಿಮಾಡಿಕೊಂಡಳು.

ತ್ರಿಶಲಾ ಅಲ್ಲೇ ಅತ್ತೆಗೆ ಫೋನ್ ಹಚ್ಚಿದಳು. "ಛಲೋ ಐತಂತ್ರಿ. ನಮ್ಮೂರ ಶೋಭಕ್ಕನಽ ಹೇಳಿದ್ಲು." ಶೋಭಾಳ ತವರು ಜುಗೂಳವೇ. ಅಲ್ಲಿಗೆ ಎಮ್ಮೆ ಹೋದ ಹಾಗೆಯೇ.

ನನಗೆ ಮಾತ್ರ ಒಂದು ಕುತೂಹಲ. ಚಹಾದ ಹೊತ್ತಿನಲ್ಲಿ ಶೋಭಾ ತಂದ ರೊಟ್ಟಿ ತಿಂದಿದ್ದೆ. ಕಡಕ ರೊಟ್ಟಿ, ಒಳ್ಳೆ ರುಚಿ. ಆದರೆ ಅದರ ಮೇಲೆಲ್ಲ ಬೆರಳಿನ ಗುರುತು ಇದ್ದವು. ಮಶಿನ್ನಿಗೆ ಬೆರಳು ಎಲ್ಲಿಂದ ಬಂದವು?

ಬೀಗಿತಿಯ ಎದುರು ಇದನ್ನು ಕೇಳಿದರೆ ಉತ್ತರ ಸಿಗುವುದಿಲ್ಲ. ಆಗ ಚಂಪಾಬಾಯಿಗೆ ಹೇಳಿದೆ, "ಅಕ್ಕಾ, ಆ ಉಪ್ಪಿನಕಾಯಿ ಗುಂಪಿನ್ಯಾಗ ಬರೇ ಸಣ್ಣ ಹುಡಿಗ್ಯಾರಽ ಕುಂತಾರ. ಉಪ್ಪ ಹಾಕೂದು ಸೈತ ಗೊತ್ತಿಲ್ಲ ಅವಕ್ಕ. ನಿಮ್ಮಂಥಾ ಹಿರ್ಯಾರ ಒಬ್ರು ಬೇಕಾಗೇತಿ." ಹಿರಿಯರು ಅಂದರೆ ಯಾರು ತಾನೇ ಏಳುವುದಿಲ್ಲ? ಎದ್ದು ಹೋದಳು.

ಮಶಿನ್ ಹೇಗಿದೆ ಅಂತ ನಾನು ಮತ್ತೆ ಕೇಳಲಿಲ್ಲ. ಹೇಗಿದೆ ಅಂದರೆ ಛಲೋ ಐತಿ ಅನ್ನುವುದು ನಮ್ಮ ಬಾಯಿಗೆ ರೂಢಿ. "ಶೋಭಾ, ನಿನ್ನಿ ಮಶಿನ್ ಎಷ್ಟೊತ್ತಿಗೆ ಚಾಲೂ ಮಾಡಿದಿ?" ಅಂದೆ.

ಅವಳು ಉಪ್ಪಿನಕಾಯಿ ಗುಂಪಿನ ಕಡೆ ಒಮ್ಮೆ ತಿರುಗಿ ನೋಡಿದಳು. ಆಮೇಲೆ ಹೇಳಿದಳು, "ಅದರ ಮ್ಯಾಲ ಚಾದರ ಹೊಚ್ಚೇವ್ರಿ ಆಯಿ. ಅದಕ್ಕ ತ್ರೀ ಫೇಸ್ ಕರೆಂಟ್ ಬೇಕು. ತೋಟದ ಲೈನಿಗೆ ಅದು ಪಾಳಿ ಪ್ರಕಾರ ಬರತೈತಿ. ಬಂತಂದ್ರ ಎಲ್ಲಾರೂ ಕಬ್ಬಿಗೆ ನೀರ ಬಿಡಾಕ ಮೋಟರ್ ಹಚ್ಚತಾರ, ವೋಲ್ಟೇಜ್ ಬಿದ್ದ ಮಶಿನ್ ತಿರಗೂದಽ ಇಲ್ಲ. ನಡುವ ಕರೆಂಟ್ ಹೋತಂದ್ರ ನಾದಿದ ಜ್ವಾಳದ ಹಿಟ್ಟ ಕಾಯತೈತೇನ್ರಿ? ಜಿಗಿ ಹೋಗಿ ರೊಟ್ಟಿ ಒಡೀತಾವ. ಊರಾಗ ಇದ್ದಾವ್ರಿಗೆ ನಡೀತೈತಿ. ತೋಟದಾಗ ಇಲ್ಲ."

ತ್ರಿಶಲಾ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. "ಅಕ್ಕಾ, ಮತ್ತ ಆಗ ಛಲೋ ಐತಿ ಅಂದಿ?"

"ಬೀಗರ ಮುಂದ ಏನಂತ ಹೇಳಲೆ ಬೇ? ಹೆಣ್ಣ ನೋಡಾಕ ಬಂದಾಗ ಅದಽ ಮಶಿನ್ ತೋರ್ಸಿ ಪೇಢೆ ಕೊಟ್ಟೀವಿ."

ನನಗೆ ತಿಳಿಯದ ಮಾತು ಇದು. ಮಿರಜಿನ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು, ಹೆಸರು ಕೂಡ ಗೊತ್ತಿಲ್ಲ, ಮುಂದಿನ ಸ್ಟಾಪ್ ಬರುವುದರೊಳಗೆ ಗಂಡನ ಕುಡಿತದಿಂದ ಹಿಡಿದು ತನ್ನ ಮೂಲವ್ಯಾಧಿಯವರೆಗೆ ಎಲ್ಲ ಹೇಳಿ ಇಳಿದು ಹೋಗುತ್ತಾಳೆ. ನಮ್ಮವರೇ ದುಂಡಗೆ ಕೂತಾಗ ಯಾಕೆ ಎಲ್ಲರ ಮನೆಯಲ್ಲೂ ಎಲ್ಲ ಛಲೋ?

ತ್ರಿಶಲಾ ಮತ್ತೆ ಫೋನ್ ಹಚ್ಚಿದಳು. ಸ್ಪೀಕರಿನಲ್ಲಿ ಅತ್ತೆಯ ದನಿ ನಮಗೆಲ್ಲ ಕೇಳುತ್ತಿತ್ತು.

"ಬ್ಯಾಡಂತ್ರಿ. ತೋಟದಾಗ ನಡ್ಯಾಂಗಿಲ್ಲಂತ."

"ಯಾರ ಹೇಳಿದ್ರು?"

"ಯಾರೋ ಒಬ್ರು."

"ಛಲೋ ಅಂದಾಕಿಗೆ ಹೆಸರ ಐತಿ, ಬ್ಯಾಡ ಅಂದಾಕಿಗೆ ಹೆಸರ ಇಲ್ಲೇನು? ಹೊಟ್ಟಿಕಿಚ್ಚಿನ್ಯಾಕಿ ಇರಬೇಕು. ಎಮ್ಮಿ ಒಯ್ಯಾಂವ ಲಗೂನ ಬಂದಾನ, ಬಾಗಲದಾಗ ನಿಂತಾನ. ಬಿಚ್ಚಿ ಕೊಡ್ತೀನಿ."

ತ್ರಿಶಲಾ ಶೋಭಾಳನ್ನು ನೋಡಿದಳು. ಹೆಸರು ಹೇಳಲಿಲ್ಲ. (ಹುಡುಗಿ ಒಳ್ಳೆಯವಳು. ನಾನಾಗಿದ್ದರೆ ಹೇಳಿಬಿಡುತ್ತಿದ್ದೆ.) ಅಷ್ಟರಲ್ಲಿ ಉಪ್ಪಿನಕಾಯಿಗೆ ಬುದ್ಧಿ ಹೇಳಿ ಮುಗಿಸಿದ ಚಂಪಾಬಾಯಿ ಬಂದು ನಮ್ಮ ಗುಂಪಿನ ಬಳಿ ನಿಂತಳು. ಶೋಭಾ ಅವಳನ್ನು ನೋಡಿದಳು. ನೋಡಿಯೇ ಫೋನ್ ಕಸಿದುಕೊಂಡಳು.

"ಕಾಕೂ, ನಾ ಶೋಭಾ. ಆಗ ಸುಳ್ಳ ಹೇಳೇನಿ. ನಮ್ಮ ಮಶಿನ್ ನಿಂತ ಹೋಗೇತಿ. ಎಮ್ಮಿ ಕೊಡಬ್ಯಾಡ್ರಿ."

ಆ ಕಡೆ ದೂರದಲ್ಲಿ ಅತ್ತೆ ಯಾರಿಗೋ "ಏ, ಹಗ್ಗ ಬಿಡೋ!" ಅಂತ ಒದರಿದ್ದು ಕೇಳಿಸಿತು. ತ್ರಿಶಲಾ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಚಂಪಾಬಾಯಿ ಮೆಲ್ಲಗೆ ಕೇಳಿದಳು, "ಹಂಗಾರ ಆವತ್ತ ನಾವ ತಿಂದ ರೊಟ್ಟಿ?"

"ಕೈಲೇ ಬಡದದ್ರಿ. ನಿಮ್ಮ ಸೊಸಿ ಆಗಾಕಿನಽ ಬಡದದ್ದು."

"ಮದಲ ಹೇಳಾಕ ಏನ ಬ್ಯಾನಿ ಆಗಿತ್ತ ನಿಮಗ? ಮಶಿನ್ ಮನ್ಯಾಗಿನ ಹುಡಗಿ, ರೊಟ್ಟಿ ಬಡ್ಯಾಕ ಬರತೈತ್ಯೋ ಇಲ್ಲೋ ಅಂತ ನಾ ದಿನಾ ನಮ್ಮ ಮನಿಯವರ ತಲಿ ತಿನ್ನಾಕತ್ತೀನಿ!"

ಕೊನೆಗೆ ಪ್ರತಿ ಗುಂಪಿನ ಲೀಡರ್ ಮೈಕಿನಲ್ಲಿ, ಏನು ಕಲಿತೆವು ಅಂತ ಹೇಳಬೇಕು. ನಾನು ಮೇಡಂಗೇ ಹೇಳಿದೆ, "ಮುಂದಿನ ಸಲ ಬೀಗರನ್ನ ಬ್ಯಾರೆ ಬ್ಯಾರೆ ಗುಂಪಿಗೆ ಹಾಕವಾ. ತವರ ಯಾವುದು ಅಂತ ಊಟದಾಗ ಕೇಳಲಿ. ಹೆಂಗ ನಡದೈತಿ ಅಂತ ಕೇಳಬ್ಯಾಡ, ನಿನ್ನಿ ಏನ ಮಾಡಿದ್ರಿ ಅಂತ ಕೇಳು." ಚಪ್ಪಾಳೆ ಬಿತ್ತು. ಮೇಡಂ ಎಲ್ಲ ಬರೆದುಕೊಂಡಳು.

ಸ್ಟೇಜಿನಿಂದ ಇಳಿಯುವಾಗ ಹೊಳೆಯಿತು: ನನ್ನ ಉಪಾಯದಿಂದಲೇ ಖರೇ ಮಾತು ಬರುವುದಾಗಿದ್ದರೆ, ಶೋಭಾ ಫೋನ್ ಕಸಿದುಕೊಂಡಾಗ ಬೀಗಿತಿ ಎದುರಿಗೇ ನಿಂತಿದ್ದಳಲ್ಲ?