ತೊಕ್ತೊಸುನ್ ನುಂಗಿಕೊಂಡ ಮಾತು

ಹನ್ನೊಂದು ವರ್ಷ ನಮ್ಮ ಕಾರ್ಯಾಗಾರದಲ್ಲಿ ತೊಕ್ತೊಸುನ್‌ನ ಮಾತಿಗೆ ಎದುರಿರಲಿಲ್ಲ. ಬಿಷ್ಕೆಕ್‌ನಲ್ಲಿ ನಾವು ತಯಾರಿಸುವುದು ರಕ್ತದೊತ್ತಡ ನೋಡುವ ಪುಟ್ಟ ಯಂತ್ರ. ಬೆಟ್ಟದ ಹಳ್ಳಿಗಳ ದಾದಿಯರು ಅದನ್ನು ರೋಗಿಯ ತೋಳಿಗೆ ಕಟ್ಟಿದರೆ ಅಳತೆ ಬ್ಲೂಟೂತ್ ಮೂಲಕ ಅವರ ಫೋನಿಗೆ ಹೋಗುತ್ತದೆ. ಅದಕ್ಕೆ ಮೊದಲು ಫೋನು ಯಂತ್ರವನ್ನು ವಿಚಾರಿಸಿಕೊಳ್ಳುತ್ತದೆ: ನೀನು ಯಾರು, ಯಾವ ಸೇವೆ ಕೊಡುತ್ತೀ, ನಿನ್ನೊಡನೆ ಯಾವ ದಾರಿಯಲ್ಲಿ ಮಾತಾಡಬೇಕು. ಯಂತ್ರ ತನ್ನ ವಿವರಗಳ ಪಟ್ಟಿ ಒಪ್ಪಿಸುತ್ತದೆ. ಪ್ರತಿ ವಿವರಕ್ಕೂ ಒಂದು ಸಂಖ್ಯೆ ಇರುತ್ತದೆ. ವಿವರ ಅಂಕಿಯಾಗಿರಬಹುದು, ಹೆಸರಾಗಿರಬಹುದು, ಅದರೊಳಗೆ ಇನ್ನೊಂದು ಪಟ್ಟಿಯೇ ಇರಬಹುದು.

ಆ ಪಟ್ಟಿಯನ್ನು ಸಿ ಎಂಬ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಬರೆದವನು ತೊಕ್ತೊಸುನ್. ನೋಡಿದರೆ ಬರೀ ಬೈಟುಗಳ ಸಾಲು. ಯಾವ ಬೈಟು ಏನೆಂಬುದು ಅವನ ತಲೆಯಲ್ಲಿ ಮಾತ್ರ ಇತ್ತು. ಯಂತ್ರದ ಹೆಸರಿಗೆ ಒಂದಕ್ಷರ ಸೇರಿಸಬೇಕಾದರೂ ನಾವು ಅವನ ಮೇಜಿನ ಮುಂದೆ ಹೋಗಿ ನಿಲ್ಲಬೇಕಿತ್ತು. ಅವನು ಬಟ್ಟಲಿನ ಚಹಾ ಮುಗಿಸಿಯೇ ತಲೆಯೆತ್ತುತ್ತಿದ್ದ. ತಯಾರಾದ ಯಂತ್ರಗಳನ್ನು ಪರೀಕ್ಷಿಸುವ ನಾನು, ಕಲಿಪಾ, ಅವನಿಗಿಂತ ಆರು ವರ್ಷ ದೊಡ್ಡವಳು; ಅವನು ನನ್ನನ್ನು ಕರೆಯುವುದೇ ಎಜೆ, ಅಕ್ಕ, ಎಂದು. ನಾನೂ ನಿಂತಿದ್ದೇನೆ.

ಏಪ್ರಿಲ್‌ನಲ್ಲಿ ಬುರುಲಾಯ್ ಬಂದಳು. ಇಪ್ಪತ್ತಾರರ ಹುಡುಗಿ, ಓಷ್ ಕಡೆಯವಳು. ಎರಡು ತಿಂಗಳಲ್ಲಿ ಆ ಪಟ್ಟಿಯನ್ನು ರಸ್ಟ್ ಎಂಬ ಹೊಸ ಭಾಷೆಯಲ್ಲಿ ಬರೆದಳು. ಅವಳ ಬರವಣಿಗೆಯಲ್ಲಿ ಪ್ರತಿ ವಿವರವೂ ತಾನು ಅಂಕಿಯೋ, ಹೆಸರೋ, ಪಟ್ಟಿಯೋ ಎಂದು ತಾನೇ ಹೇಳಿಕೊಳ್ಳುತ್ತಿತ್ತು. ಅಂಕಿ ಇರಬೇಕಾದ ಕಡೆ ಹೆಸರಿಟ್ಟರೆ, ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಮುಂದಕ್ಕೇ ಬಿಡುತ್ತಿರಲಿಲ್ಲ. ನಮ್ಮ ಯಜಮಾನ ಎರ್ಮೆಕ್ ಓದಿ ನೋಡಿದ.

"ಅಯ್ಯೋ, ಇದು ನಂಗೂ ಅರ್ಥ ಆಗ್ತಿದೆಯಲ್ಲಾ!" ಎಂದ.

ಊಟದ ಹೊತ್ತಿಗೆ ಯಾರೋ ಛೇಡಿಸಿದರು. "ಇನ್ಮೇಲೆ ನಿಮ್ಮ ಮೇಜಿನ ಮುಂದೆ ಕ್ಯೂ ಇಲ್ಲ ಬಿಡಿ, ತೊಕೆ. ನೆಲ ಸವೆಯೋದು ತಪ್ತು."

ತೊಕ್ತೊಸುನ್ ನಕ್ಕ. ಆದರೆ ಅವನ ತಟ್ಟೆಯ ಮಂತಿ ಕಡುಬು ಹಾಗೆಯೇ ಆರಿಹೋಯಿತು. ಅಂದಿನಿಂದ ಬುರುಲಾಯ್ ನಕ್ಕರೆ ಅವನಿಗೆ ಸದ್ದು ಜಾಸ್ತಿ, ಅವಳು ಮನೆಯಲ್ಲಿ ಕರಿದ ಬೋರ್ಸೋಕ್ ಹಂಚಿದರೆ ಎಣ್ಣೆ ಜಾಸ್ತಿ. ಎರ್ಮೆಕ್ ಅವಳ ಹೆಸರು ಎತ್ತಿದಾಗೆಲ್ಲ ಅವನ ಕಿವಿ ಕೆಂಪಾಗುತ್ತಿತ್ತು. ಎದೆಯ ಕೆಳಗೆ ಕೆಂಡ ಇಟ್ಟಂತೆ ಆಗುತ್ತಿತ್ತಂತೆ. ಆಮೇಲೆ ಅವನೇ ನನಗೆ ಹೇಳಿದ್ದು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಬಾರದ ಆ ಭಾಷೆಯಲ್ಲಿ ತಪ್ಪೊಂದು ಸಿಕ್ಕೀತೇ ಎಂದು ಸಾಲು ಸಾಲಾಗಿ ಹುಡುಕುತ್ತಿದ್ದ.

ಸಿಕ್ಕಿತು. ವಿವರಗಳನ್ನು ಒಪ್ಪಿಸುವಾಗ ಅವುಗಳ ಸಂಖ್ಯೆಗಳು ಏರಿಕೆಯ ಕ್ರಮದಲ್ಲೇ ಬರಬೇಕೆಂಬುದು ನಿಯಮ. ಬುರುಲಾಯ್ ಅವನ್ನು ತುಂಬಿಟ್ಟ ಕೋಶಕ್ಕೆ ಕ್ರಮದ ಹಂಗಿರಲಿಲ್ಲ. ಯಂತ್ರ ಹೊತ್ತಿಸಿದಾಗಲೆಲ್ಲ ಅದು ತನಗೆ ತೋಚಿದ ಸಾಲಿನಲ್ಲಿ ಹೊರಹಾಕುತ್ತಿತ್ತು. ನನ್ನ ಮೇಜಿನ ಹೊಸ ಫೋನುಗಳು ಹೇಗೆ ಬಂದರೂ ತೆಗೆದುಕೊಳ್ಳುತ್ತಿದ್ದವು, ಹಾಗಾಗಿ ನನಗೆ ಗೊತ್ತಾಗಲಿಲ್ಲ. ಹಳ್ಳಿಗಳಲ್ಲಿರುವ ಹಳೆಯ ಫೋನುಗಳು ಹಾಗಲ್ಲ ಎಂದು ತೊಕ್ತೊಸುನ್‌ಗೆ ಗೊತ್ತಿತ್ತು. ಅವನು ಬಾಯಿ ಬಿಡಲಿಲ್ಲ.

ಜುಲೈನಲ್ಲಿ ನರೀನ್ ಕಡೆಯ ಒಂದು ಹಳ್ಳಿಯಲ್ಲಿ ಬುರುಲಾಯ್ ಮತ್ತು ನಾನು ಹೊಸ ಯಂತ್ರವನ್ನು ತೋರಿಸಬೇಕಿತ್ತು. ಎಲ್ಲಿಗೂ ಹೋಗದ ತೊಕ್ತೊಸುನ್ "ನಾನೂ ಬರ್ತೀನಿ" ಎಂದ. ನಾವು ಮೂವರೂ ಹೊರಟೆವು. ದಾರಿಯುದ್ದಕ್ಕೂ ಅವನು ಗುನುಗುತ್ತಿದ್ದ.

ಆರೋಗ್ಯ ಕೇಂದ್ರದ ದಾದಿ ಬಾತ್ಮಾ ಹತ್ತಾರು ಮುದುಕ ಮುದುಕಿಯರನ್ನು ಬೆಂಚಿನ ಮೇಲೆ ಕೂರಿಸಿದ್ದಳು. ಬುರುಲಾಯ್ ಮೊದಲನೆಯ ಅಜ್ಜಿಯ ತೋಳಿಗೆ ಪಟ್ಟಿ ಕಟ್ಟಿದಳು. ಬಾತ್ಮಾಳ ಹಳೆಯ ಫೋನು ಯಂತ್ರವನ್ನು ಗುರುತಿಸಲಿಲ್ಲ. ಬುರುಲಾಯ್ ಯಂತ್ರವನ್ನು ಆರಿಸಿ ಹೊತ್ತಿಸಿದಳು. ಇಲ್ಲ. ಏಳನೆಯ ಸಲ ಹಿಡಿಯಿತು, ಎಂಟನೆಯ ಸಲ ಮತ್ತೆ ಇಲ್ಲ.

"ಇದು ನಮ್ಮತ್ತೆ ಥರ ಇದೆಯಲ್ಲೇ," ಎಂದಳು ಬಾತ್ಮಾ. "ಮನಸ್ಸು ಬಂದ್ರೆ ಮಾತಾಡುತ್ತೆ."

ಬೆಂಚಿನವರೆಲ್ಲ ನಕ್ಕರು. ಬುರುಲಾಯ್‌ಳ ಕುತ್ತಿಗೆ ಬೆವೆತಿತ್ತು. ಅವಳು ಅಳುತ್ತಾಳೆ, ಎರ್ಮೆಕ್‌ಗೆ ಫೋನ್ ಮಾಡುತ್ತಾಳೆ, ಆಗ ಹಳೆಯ ಸಿ ಪಟ್ಟಿಯೇ ಬೇಕಾಗುತ್ತದೆ ಎಂದು ತೊಕ್ತೊಸುನ್ ಲೆಕ್ಕ ಹಾಕಿದ್ದ. ಆದರೆ ಅವಳು ಅವನ ಕಡೆಗೇ ತಿರುಗಿದಳು.

"ಬೈಕೆ, ನನಗೇನೂ ಹೊಳೀತಿಲ್ಲ. ನೀವೊಂಚೂರು ನೋಡ್ತೀರಾ?"

ಬೈಕೆ, ಅಣ್ಣ, ಎಂದು ಕರೆದು ಕೇಳಿದ ಮೇಲೆ ತೊಕ್ತೊಸುನ್‌ಗೆ ಸುಮ್ಮನಿರಲಾಗಲಿಲ್ಲ. "ಸಂಖ್ಯೆ ಏರಿಕೇಲಿ ಬರಬೇಕು. ನಿಂದು ಅಡ್ಡಾದಿಡ್ಡಿ ಬರ್ತಿದೆ. ಹಳೇ ಫೋನು ಅಲ್ಲೇ ಕೈಬಿಡುತ್ತೆ," ಎಂದ.

ಅವಳು ಹಣೆ ಚಚ್ಚಿಕೊಂಡಳು. ಲ್ಯಾಪ್‌ಟಾಪ್ ತೆರೆದು ಆ ಕೋಶದ ಹೆಸರು ಅಳಿಸಿ, ಎಲ್ಲವನ್ನೂ ಕ್ರಮದಲ್ಲಿ ಇಡುವ ಇನ್ನೊಂದು ಕೋಶದ ಹೆಸರು ಬರೆದಳು. ಎರಡು ಕಡೆ ಒಂದೊಂದು ಪದ, ಅಷ್ಟೇ. ಬಾತ್ಮಾ ಬಗ್ಗಿಸಿದ ಚಹಾ ಆರುವ ಮೊದಲೇ ಅಜ್ಜಿಯ ಒತ್ತಡ ಫೋನಿನಲ್ಲಿ ಮೂಡಿತು. ತೊಕ್ತೊಸುನ್ ಮಂಕಾಗಿ ನಿಂತಿದ್ದ. ಅವಳಿಗೆ ವಾರಗಟ್ಟಲೆ ಹಿಡಿಯುತ್ತದೆ ಎಂದುಕೊಂಡು ಬಚ್ಚಿಟ್ಟದ್ದು ಎರಡು ಪದದಲ್ಲಿ ಮುಗಿದಿತ್ತು.

"ಎಷ್ಟು ಚುರುಕಮ್ಮಾ ನೀನು! ನೋಡ್ತಾ ನೋಡ್ತಾ ಸರಿ ಮಾಡಿಬಿಟ್ಟೆ," ಎಂದು ಬಾತ್ಮಾ ಬುರುಲಾಯ್‌ಳ ಬೆನ್ನು ತಟ್ಟಿದಳು.

ಅದನ್ನು ಅವನಿಂದ ತಡೆಯಲಾಗಲಿಲ್ಲ. "ಕಂಡುಹಿಡಿದಿದ್ದು ನಾನು! ಮೂರು ವಾರದ ಹಿಂದೇನೇ!" ಎಂದುಬಿಟ್ಟ.

ಬುರುಲಾಯ್ ಅವನನ್ನು ಒಂದು ಗಳಿಗೆ ನೋಡಿ, ಅಜ್ಜಿಯ ತೋಳಿನ ಪಟ್ಟಿ ಬಿಚ್ಚತೊಡಗಿದಳು.

ಸೋಮವಾರ ಅವಳು ಅವನ ಮೇಜಿಗೆ ಕುರ್ಚಿ ಎಳೆದುಕೊಂಡು ಕೂತಳು. "ನಂಗೆ ಮಾಡಿದ್ದು ಇರಲಿ ಬೈಕೆ. ಆ ಅಜ್ಜಿ ಮಂಡಿನೋವಲ್ಲಿ ಬೆಟ್ಟ ಇಳಿದು ಬಂದಿದ್ರು. ಇನ್ನೂ ಏನೇನು ಹೊಟ್ಟೇಲಿ ಇಟ್ಕೊಂಡಿದೀರಿ, ಎಲ್ಲಾ ಹೇಳಿ. ಹೇಳೋವರೆಗೂ ಏಳಲ್ಲ ನಾನು."

ಅವನು ಹೇಳಿದ. ಯಾವ ಫೋನು ಉದ್ದದ ಹೆಸರಿಗೆ ತಡವರಿಸುತ್ತದೆ, ಯಾವುದು ಖಾಲಿ ಪಟ್ಟಿ ಕಂಡರೆ ಸತ್ತಂತೆ ಬಿದ್ದಿರುತ್ತದೆ, ಎಲ್ಲವನ್ನೂ ನಾಲ್ಕು ದಿನ ಹೇಳಿದ. ಅವಳು ಒಂದೊಂದನ್ನೂ ಪರೀಕ್ಷೆಯಾಗಿ ಬರೆದಿಟ್ಟಳು. ಅದಾದ ಮೇಲೆ ಅವನ ತಲೆಯಲ್ಲಿ ಮಾತ್ರ ಇರುವಂಥದ್ದು ಏನೂ ಉಳಿಯಲಿಲ್ಲ. ಅವಳು ಅವನನ್ನು ಕ್ಷಮಿಸಿದಳೋ ಇಲ್ಲವೋ ನಾನರಿಯೆ. ಬೈಕೆ ಎನ್ನುವುದನ್ನು ಬಿಡಲಿಲ್ಲ, ಬೋರ್ಸೋಕ್ ಮಾತ್ರ ಬಹಳ ದಿನ ಅವನ ಮೇಜಿಗೆ ಬರಲಿಲ್ಲ.

ಚಳಿಗಾಲಕ್ಕೆ ಅವನೂ ರಸ್ಟ್ ಕಲಿತ. ಒಂದು ದಿನ ನಾನು ಕೇಳಿಯೇಬಿಟ್ಟೆ. "ಹೊಟ್ಟೆಯುರಿ ಹೋಯ್ತೇನೋ?"

"ಎಲ್ಲಿ ಹೋಗುತ್ತೆ ಎಜೆ? ದಿನಾ ಅವಳು ಬರೋದ್ರೊಳಗೆ, ನಿನ್ನೆ ಬರೆದಿದ್ದನ್ನೆಲ್ಲಾ ಓದ್ತೀನಿ. ತಪ್ಪು ಸಿಕ್ರೆ ಎಷ್ಟು ಖುಷಿ ಆಗುತ್ತೆ ಗೊತ್ತಾ?"

"ಸಿಕ್ರೆ ಹೇಳ್ತೀಯಾ?"

"ಅವಳಿಗೆ ಕೋಟು ಬಿಚ್ಚೋಕೂ ಬಿಡಲ್ಲ, ಹೇಳಿಬಿಡ್ತೀನಿ," ಎಂದ.