ರೋಲರಿಗೆ ಹಚ್ಚಿದ ಹಲಸಿನ ಮೇಣ

ಲಿಲ್ಲಿ ಟೀಚರೇ, ಅಂದು ಕಾರ್ಕಳದ ಸಭೆಯಲ್ಲಿ ಟೇಪ್ ರೆಕಾರ್ಡರು ನಿಮ್ಮ ಕ್ಯಾಸೆಟ್ಟನ್ನು ನುಂಗಿದ್ದು ನಿಮ್ಮ ಕೈಯ ತಪ್ಪಿನಿಂದಲ್ಲ. ಅದರಲ್ಲಿ ಟೇಪನ್ನು ಎಳೆಯುವ ರಬ್ಬರ್ ರೋಲರಿಗೆ ಹಲಸಿನ ಮೇಣ ಹಚ್ಚಿದವನು ನಾನು — ನಿಮ್ಮದೇ ಶಾಲೆಯ ವಿಜ್ಞಾನದ ಹಸನ್ ಮಾಷ್ಟ್ರು. ಎಂಬತ್ತರ ದಶಕದ ಸಂಗತಿ. ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ.

ಸೇಡು ನಿಮ್ಮ ಮೇಲಲ್ಲ, ಅವನ ಮೇಲೆ. ಮಣಿಪಾಲದಲ್ಲಿ ಕೋಣೆ ಹಿಡಿದುಕೊಂಡು, ಶಾಲೆಗಳಲ್ಲಿ ಯಂತ್ರ ಬಳಸಿ ಕಲಿಸುವುದರ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದನಲ್ಲ, ಆ ಕನ್ನಡಕದ ಪುಣ್ಯಾತ್ಮ. ಕಾಪುವಿನ ನಮ್ಮ ಹೈಸ್ಕೂಲಿಗೆ ಮೊದಲ ಸಲ ಬಂದವನು ನನ್ನ ಮೇಜಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟು, "ನೀವೇ ಹಾಕಿ" ಎಂದ. ನಾನು ಕೈ ಹಿಂದೆ ಕಟ್ಟಿಕೊಂಡು, "ಬೇಡ ಸಾರ್, ನಿಮ್ಮದು, ನೀವೇ ಹಾಕಿ" ಎಂದೆ. ಅತಿಥಿಯ ವಸ್ತುವನ್ನು ಒಂದೇ ಮಾತಿಗೆ ಮುಟ್ಟಬಾರದು ಎಂದು ಹೆತ್ತ ಉಮ್ಮ ಕಲಿಸಿದ್ದು. ಇನ್ನೊಂದು ಸಲ ಹೇಳಿದ್ದರೆ ಹಾಕುತ್ತಿದ್ದೆ. ಅವನು ಹೇಳಲಿಲ್ಲ, ಏನೋ ಬರೆದುಕೊಂಡ.

ಏನು ಬರೆದನೆಂಬುದು ಅವನ ಇಂಗ್ಲಿಷ್ ವರದಿ ಟೈಪಾಗಿ ನಮ್ಮ ಶಾಲೆಗೆ ಬಂದಾಗ ಗೊತ್ತಾಯಿತು. ಹೆಡ್‌ಮಾಸ್ಟರು ಸ್ಟಾಫ್ ರೂಮಿನಲ್ಲಿ ಚಾ ಕುಡಿಯುತ್ತಾ ಓದಿ ಕನ್ನಡದಲ್ಲಿ ಹೇಳಿದರು: ವಿಜ್ಞಾನದ ಶಿಕ್ಷಕರೇ ಯಂತ್ರಕ್ಕೆ ಹೆದರಿ ಕೈ ಅಡಗಿಸಿಕೊಂಡರಂತೆ. ಹೆಸರು ಹಾಕಿರಲಿಲ್ಲ — ದೊಡ್ಡ ಮರ್ಯಾದಸ್ಥ! ಶಾಲೆಯಲ್ಲಿ ವಿಜ್ಞಾನಕ್ಕೆ ಇದ್ದದ್ದು ನಾನೊಬ್ಬನೇ. ಎಲ್ಲರೂ ನಕ್ಕರು. "ಅದು ಕಚ್ಚುದಿಲ್ಲ ಮಾರಾಯ್ರೆ" ಎಂದರು ಡ್ರಿಲ್ ಮಾಷ್ಟ್ರು.

ಹೆದರುವುದಂತೆ, ನಾನು! ನನ್ನ ತಮ್ಮ ಗಲ್ಫಿನಿಂದ ಕಳಿಸಿದ ಟೇಪ್ ರೆಕಾರ್ಡರನ್ನು ಬಿಚ್ಚಿ ಜೋಡಿಸಿ ಕಲಿತವನು ನಾನು. ದುಬಾಯಿಯಿಂದ ಗಂಡಂದಿರು ಮಾತಾಡಿ ಕಳಿಸಿದ ಕ್ಯಾಸೆಟ್ಟು ಸಿಕ್ಕಿಕೊಂಡರೆ ನಮ್ಮ ಕೇರಿಯ ಹೆಂಗಸರು ನನ್ನ ಬಳಿಗೇ ತರುತ್ತಿದ್ದರು. ಅವನು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ. ಕೇಳುವುದು ಯಾಕೆ? ಅವನ ಸಂಶೋಧನೆಯಲ್ಲಿ ಮಾಷ್ಟ್ರುಗಳಿಗೆ ಇದ್ದದ್ದು ಎರಡೇ ವೇಷ — ಹೆದರುವವರು, ಇಲ್ಲವೇ ಉತ್ಸಾಹಿಗಳು. ಗೊತ್ತಿದ್ದೂ ಸುಮ್ಮನೆ ನಿಂತವನಿಗೆ ಅಲ್ಲಿ ಜಾಗವಿರಲಿಲ್ಲ. ಬಾ ಮಗನೇ, ನಿನ್ನ ಯಂತ್ರದಿಂದಲೇ ನಿನ್ನ ಮಾನ ತೆಗೆಯುತ್ತೇನೆ ಎಂದುಕೊಂಡೆ.

ಆ 'ಉತ್ಸಾಹಿ' ನೀವು. ಅವನು ಶಾಲೆಗೆ ಬಿಟ್ಟುಹೋದ ಯಂತ್ರದಲ್ಲಿ ಎಂಟನೇ ಕ್ಲಾಸಿನ ಮಕ್ಕಳ ಇಂಗ್ಲಿಷ್ ಓದನ್ನು ವರ್ಷವಿಡೀ ಹಿಡಿದಿಟ್ಟಿರಿ. ಜೂನಿನಲ್ಲಿ ತಡವರಿಸಿದ ಮಕ್ಕಳೇ ಫೆಬ್ರವರಿಯಲ್ಲಿ ಸರಾಗವಾಗಿ ಓದುವುದು — ಎಲ್ಲವೂ ಆ ಒಂದೇ ಕ್ಯಾಸೆಟ್ಟಿನಲ್ಲಿ. ಕಾರ್ಕಳದಲ್ಲಿ ನಡೆಯುವ ಶಿಕ್ಷಕರ ಸಭೆಯಲ್ಲಿ ಅದನ್ನು ತನ್ನ ಸಂಶೋಧನೆಯ ಫಲವೆಂದು ಅವನು ಕೇಳಿಸುವವನಿದ್ದ. ನಾವಿಬ್ಬರೂ ಅಲ್ಲಿಗೆ ಹೊರಡುವ ಬೆಳಿಗ್ಗೆ ನೀವು ಯಂತ್ರವನ್ನು ನನ್ನ ಕೈಗೆ ಕೊಟ್ಟಿರಿ. "ಒಮ್ಮೆ ನೋಡಿ ಕೊಡಿ ಮಾಷ್ಟ್ರೆ. ನೀವು ನೋಡಿದ್ರೆ ನನಗೊಂದು ಧೈರ್ಯ."

ಎಳೆ ಹಲಸಿನ ಪಲ್ಯದ ಕಾಲ ಅದು. ಮನೆಯಲ್ಲಿ ಹಲಸು ಹೆಚ್ಚುವಾಗ ಬಂದ ಮೇಣವನ್ನು ಕಡ್ಡಿಗೆ ಸುತ್ತಿ ತಂದಿದ್ದೆ. ನೋಡಿ ಕೊಟ್ಟೆ.

ಅವನೇ ಹಾಕುತ್ತಾನೆ ಎಂದುಕೊಂಡಿದ್ದೆ. ಆದರೆ ವೇದಿಕೆಯ ಮೇಲೆ ಅವನು ನಿಮ್ಮನ್ನು ಕರೆದ. ಆಗಲಾದರೂ ನಾನು ಏಳಬಹುದಿತ್ತು — ಟೀಚರೇ, ನಿಲ್ಲಿ, ಎಂದು ಒಂದು ಮಾತು — ಏಳಲಿಲ್ಲ. ಅವನ ಮುಖ ಕಪ್ಪಿಡುವುದನ್ನು ನೋಡುವ ಆಸೆ ಅಷ್ಟಿತ್ತು. ಒಂದು ಮಗುವಿನ ಧ್ವನಿ ಬಂತು, ಎಳೆಯಿತು, ಗೊಗ್ಗರಾಯಿತು, ನಿಂತಿತು. ನೀವು ಮುಚ್ಚಳ ತೆರೆದಾಗ ಟೇಪು ಕರುಳಿನ ಹಾಗೆ ಹೊರಗೆ ಬಂತು. ಸಭೆಯೆಲ್ಲ ನಕ್ಕಿತು. ಅವನು ಮೈಕಿನಲ್ಲಿ, "ಇದೇ ನೋಡಿ ನಮ್ಮ ಸಮಸ್ಯೆ. ಯಂತ್ರ ಒಳ್ಳೇದುಂಟು, ಟೀಚರುಗಳಿಗೆ ಬಳಸ್ಲಿಕ್ಕೆ ಬರುದಿಲ್ಲ" ಎಂದ. ಅವನ ಮುಖಕ್ಕೆ ಏನೂ ಆಗಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಆ ಟೇಪಿನ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳಿದಿರಿ: "ನಾನೆಂತ ತಪ್ಪು ಮಾಡಿದ್ದು ಮಾಷ್ಟ್ರೆ? ನಿಮಗೆ ಗೊತ್ತುಂಟಲ್ವಾ?"

ಗೊತ್ತಿತ್ತು. "ಹೊಸಬರ ಕೈಯಲ್ಲಿ ಹೀಗೇ ಆಗುದು ಟೀಚರೇ, ಬಿಡಿ" ಎಂದೆ.

ಮೇಣ ಹಚ್ಚಿದ್ದು ಸಿಟ್ಟಿನಲ್ಲಿ. ಈ ಮಾತನ್ನು ಮಾತ್ರ ತಣ್ಣಗೆ ಕೂತು ಹೇಳಿದೆ. ಆ ಗಂಟನ್ನು ನಿಮ್ಮಿಂದ ಕೇಳಿ ಪಡೆದು ಮನೆಗೆ ಒಯ್ದು ಬಿಡಿಸಲು ಕೂತೆ. ಕೇರಿಯವರ ಎಷ್ಟೋ ಕ್ಯಾಸೆಟ್ಟು ಬಿಡಿಸಿದವನಿಗೆ ನಿಮ್ಮದನ್ನು ಬಿಡಿಸಲಾಗಲಿಲ್ಲ. ಮೇಣ ಹಿಡಿದು ಟೇಪು ತುಂಡು ತುಂಡಾಯಿತು. ಮಕ್ಕಳ ಆ ವರ್ಷ ಹಾಗೆಯೇ ಹೋಯಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ ಎನ್ನುತ್ತಾರೆ. ನಾನು ಕೊಯ್ದದ್ದು ನನ್ನದೂ ಅಲ್ಲ, ಅವನದೂ ಅಲ್ಲ — ನಿಮ್ಮದು.

ನೀವು ಯಂತ್ರವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಿರಿ. ಮುಂದೆ ಶಾಲೆಗೆ ಟಿ.ವಿ. ಬಂದಾಗ ಹೆಡ್‌ಮಾಸ್ಟರು ನಿಮ್ಮನ್ನೇ ಕರೆದರು. ನೀವು ಎರಡೂ ಕೈ ಹಿಂದೆ ಕಟ್ಟಿಕೊಂಡು, "ಬೇಡ ಸಾರ್, ನನಗೆ ಹೆದರಿಕೆ ಆಗ್ತದೆ" ಎಂದಿರಿ. ನಾನು ಅಲ್ಲೇ ಇದ್ದೆ.

ಅವನ ಮೇಲಿನ ಸಿಟ್ಟು ಇಂದಿಗೂ ಆರಿಲ್ಲ. ಎದುರು ಸಿಕ್ಕಿದರೆ ಬಿಡುವವನೂ ಅಲ್ಲ. ಆದರೆ ಟೀಚರೇ, ಅವನು ಬರೆದಾಗ ಅದು ಸುಳ್ಳಾಗಿತ್ತು. ಯಂತ್ರಕ್ಕೆ ಹೆದರುವವರು ನಮ್ಮ ಶಾಲೆಯಲ್ಲಿ ಒಬ್ಬರೂ ಇರಲಿಲ್ಲ. ಒಬ್ಬರನ್ನು ಮಾಡಿಕೊಟ್ಟವನು ನಾನು.