“ಇದು ಯಾರ್ಯಾರಿಗೆ ಕಾಣ್ತದೆ?” ಟೇಸ್ಟರ್ ಸರ್ ದಿನಾ ಕೇಳುತ್ತಿದ್ದದ್ದು ಇದನ್ನೇ.

ಅವರು ಒಂದು ಚಮಚ ಕಾಫಿ ಹೀರುವ ಸದ್ದು ಮೂರನೆಯ ಕೋಣೆಗೂ ಕೇಳುತ್ತಿತ್ತು. ಸುರ್ರೆಂದು ಎಳೆದು, ಬಾಯೊಳಗೆ ಒಂದು ಸುತ್ತು ತಿರುಗಿಸಿ, ಪಕ್ಕದ ಸ್ಟೀಲ್ ಡಬ್ಬಿಗೆ ಉಗಿದು, ಕಣ್ಣು ಮುಚ್ಚಿ ನಿಲ್ಲುವರು. ಎಡಗಣ್ಣು ಮಾತ್ರ ಪೂರ್ತಿ ಮುಚ್ಚುತ್ತಿರಲಿಲ್ಲ. ಕಾಫಿ ಚೆನ್ನಾಗಿದ್ದರೆ ಆ ರೆಪ್ಪೆ ಸಣ್ಣಗೆ ಅದುರುವುದು. ಅವರು ಅಂಕ ಬರೆಯುವ ಮೊದಲೇ ನನಗೆ ಫಲಿತಾಂಶ ಗೊತ್ತಾಗುತ್ತಿದ್ದದ್ದು ಹಾಗೆ.

ಚಿಕ್ಕಮಗಳೂರಿನಲ್ಲಿ ಕಾಫಿಬೀಜ ಹಸನು ಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಬೆಳೆಗಾರರ ಕಾಫಿಯ ರುಚಿ ನೋಡಿ ಅಂಕ ಕೊಡುವುದು ಅವರ ಕೆಲಸ. ಎಲ್ಲರಿಗೂ ಅವರು ಟೇಸ್ಟರ್ ಸರ್. ನಾನು ಆಲ್ದೂರಿನಿಂದ ಬೆಳಗಿನ ಬಸ್ಸಿಗೆ ಬಂದು ಅವರ ಮುಂದೆ ಲೋಟಗಳನ್ನು ಜೋಡಿಸುವವಳು. ಕೆಲಸಕ್ಕೆ ಸೇರಿದ ದಿನ ಒಳ್ಳೆಯದಾಗಲಿ ಎಂದು ಅಮ್ಮ ಒಂದು ಮೊಳ ಮಲ್ಲಿಗೆ ಮುಡಿಸಿ ಕಳಿಸಿದ್ದರು. ಟೇಸ್ಟರ್ ಸರ್ ಬಾಗಿಲಲ್ಲೇ ತಡೆದು, ಹೂವು ತೆಗೆಸಿ, ಸೆಕ್ಯುರಿಟಿಯವರ ಗಣಪತಿ ಫೋಟೋಕ್ಕೆ ಹಾಕಿಸಿದರು. ಮಲ್ಲಿಗೆಯ ಪಕ್ಕ ನಿಂತು ಕಾಫಿಯ ಪರಿಮಳ ಹುಡುಕುವುದು ಹೇಗೆ ಎಂದು ನನ್ನನ್ನೇ ಕೇಳಿದರು. ಅವರಂತೂ ಬೆಳ್ಳುಳ್ಳಿ ಒಗ್ಗರಣೆ ಬಿದ್ದ ಸಾರನ್ನೂ ಮುಟ್ಟುತ್ತಿರಲಿಲ್ಲ. ಮಧ್ಯಾಹ್ನ ಮೊಸರನ್ನ ತಿಂದು ಬಿಸಿನೀರಲ್ಲಿ ಬಾಯಿ ಮುಕ್ಕಳಿಸುವರು. ಮನೆಯಲ್ಲಿ ಹೆಂಡತಿ ಇದನ್ನು ವರ್ಷಪೂರ್ತಿಯ ವ್ರತ ಎಂದು ಆಡಿಕೊಳ್ಳುತ್ತಾರಂತೆ.

ಅವರಿಗೆ ಇನ್ನೊಂದು ಹಟವಿತ್ತು. ಮುಂದಿರುವ ಕಾಫಿ ಯಾರ ತೋಟದ್ದು ಎಂದು ಅವರಿಗೆ ಗೊತ್ತಾಗಕೂಡದು. ಒಂದು ತೋಟದಿಂದ ಬಂದ ಒಂದು ಕಂತು ಒಂದು ಲಾಟ್; ಲೋಟದ ಮುಂದೆ ಬರೀ ಲಾಟ್ ನಂಬರ್, ಹೆಸರಿನ ಚೀಟಿಗಳು ನನ್ನ ಬಳಿ ಬೀಗ ಹಾಕಿದ ಪೆಟ್ಟಿಗೆಯಲ್ಲಿ. “ನಾಲಿಗೆಗೆ ನೆಂಟ್ರು ಇರ್ಬಾರ್ದು ಮಾರಾಯ್ತಿ,” ಎನ್ನುವರು. ಮೂಡಿಗೆರೆಯಿಂದ ಕಳಸದವರೆಗೆ ಅರ್ಧಕ್ಕರ್ಧ ಬೆಳೆಗಾರರು ಒಂದಲ್ಲ ಒಂದು ಕಡೆಯಿಂದ ಅವರಿಗೆ ನೆಂಟರೇ.

ಆಮೇಲೆ ಆಫೀಸಿಗೆ ಸಾಫ್ಟ್‌ವೇರ್ ಬಂತು. ಚೀಟಿ ಹೋಯಿತು, ಪೆಟ್ಟಿಗೆಯೂ ಹೋಯಿತು. ಒಂದೊಂದು ಲಾಟ್ ಕಂಪ್ಯೂಟರಿನಲ್ಲಿ ಟಾಸ್ಕ್ ಎಂಬ ಒಂದೊಂದು ಪುಟ ಆಯಿತು. ಅದರೊಳಗೆ ಬೆಳೆಗಾರರ ಹೆಸರು, ಊರು, ಪಾರ್ಚ್‌ಮೆಂಟ್ ಎನ್ನುವ ಒಣಬೀಜದ ಫೋಟೋ. ಟೇಸ್ಟರ್ ಸರ್ ಕಾಗದದಲ್ಲಿ ಬರೆದ ಅಂಕಗಳನ್ನು ಟೈಪ್ ಮಾಡುವುದು ನನ್ನ ಕೆಲಸ. ಟಾಸ್ಕುಗಳು ಅವರಿಗೆ ಕಾಣದಂತೆ ನೋಡಿಕೊಳ್ಳುವುದೂ ನನ್ನದೇ. ಎರಡು ದಿನ ತರಬೇತಿ ನಡೆಯಿತು. ಪ್ರಾಜೆಕ್ಟ್, ಗ್ರೂಪ್, ಮೆಂಬರ್, ಗೆಸ್ಟ್ ಎಂದು ಏನೇನೋ ಹೇಳಿದರು. ನನಗೆ ತಲೆಬುಡ ಗೊತ್ತಾಗಲಿಲ್ಲ. ಎಲ್ಲರೂ ತಲೆಯಾಡಿಸುತ್ತಿದ್ದರು, ನಾನೂ ಆಡಿಸಿದೆ.

ದಿನಾ ಬೆಳಿಗ್ಗೆ ಚಮಚ ಎತ್ತುವ ಮೊದಲು ಟೇಸ್ಟರ್ ಸರ್ ಕೇಳುವರು: “ಇದು ಯಾರ್ಯಾರಿಗೆ ಕಾಣ್ತದೆ, ನೋಡು.” ಟಾಸ್ಕಿನ ತಲೆಯ ಮೇಲೆ ಅದಕ್ಕೆ ಸೇರಿಸಿದವರ ನಾಲ್ಕು ಪುಟ್ಟ ಮುಖಗಳಿರುತ್ತಿದ್ದವು. ಟೇಸ್ಟರ್ ಸರ್ ಮುಖ ಅದರಲ್ಲಿಲ್ಲ. ನಿಮಗೆ ಕಾಣುವುದಿಲ್ಲ ಸರ್ ಎನ್ನುತ್ತಿದ್ದೆ. ಇಡೀ ಸೀಸನ್ ಹೀಗೇ ನಡೆಯಿತು.

ಒಂದು ಬೆಳಿಗ್ಗೆ ಅವರು ಲೋಟಗಳ ಕಡೆ ಹೋಗದೆ ನೇರ ನನ್ನ ಮೇಜಿಗೆ ಬಂದು ಫೋನ್ ಹಿಡಿದರು. ಹತ್ತು ದಿನದ ಹಿಂದೆ ಅವರು ಎಲ್ಲಕ್ಕಿಂತ ಹೆಚ್ಚು ಅಂಕ ಕೊಟ್ಟಿದ್ದ ಲಾಟನ್ನು ವಿದೇಶದ ಖರೀದಿದಾರರು ಒಪ್ಪಿದ್ದಾರೆ ಎಂದು ಸಾಫ್ಟ್‌ವೇರಿನಿಂದ ಸಂದೇಶ ಬಂದಿತ್ತು. ಕೆಳಗೆ ಬೆಳೆಗಾರರ ಹೆಸರು. ಅದು ಕಳಸದ ಹತ್ತಿರ ಒಬ್ಬರೇ ನಿಂತು ಸಣ್ಣದೊಂದು ತೋಟ ನೋಡಿಕೊಳ್ಳುತ್ತಿದ್ದ ಅವರ ಸ್ವಂತ ತಂಗಿಯ ಹೆಸರು.

“ನಂಗೆ ಕಾಣೂದಿಲ್ಲ ಅಂದಿದ್ಯಲ್ಲ. ಮತ್ತಿದು ಹ್ಯಾಗೆ ಬಂತು?”

ಟಾಸ್ಕ್ ತೆರೆದೆ, ನಾಲ್ಕೇ ಮುಖ. ಮುಚ್ಚಿ ಮತ್ತೆ ತೆರೆದೆ, ಆಗಲೂ ನಾಲ್ಕೇ. ಸಾಫ್ಟ್‌ವೇರ್ ಕೊಟ್ಟವರಿಗೆ ಮಧ್ಯಾಹ್ನದವರೆಗೆ ಫೋನ್ ಮಾಡಿ ಮಾಡಿ ನನಗೆ ಅರ್ಥವಾದದ್ದು ಇಷ್ಟು. ಆ ಮುಖಗಳು ಟಾಸ್ಕಿಗೆ ನೇರವಾಗಿ ಸೇರಿಸಿದವರದು ಮಾತ್ರ. ಇಡೀ ಪ್ರಾಜೆಕ್ಟಿಗೆ ಸೇರಿದವರಿಗೆ ಅದರೊಳಗಿನ ಎಲ್ಲ ಟಾಸ್ಕೂ ತಾನಾಗಿ ಕಾಣುತ್ತದೆ, ಆ ಪಟ್ಟಿ ಇರುವುದು ಬೇರೆ ಕಡೆ. ಯಾರೋ ಮೊದಲ ದಿನವೇ ನಮ್ಮ ವಿಭಾಗದ ಗ್ರೂಪನ್ನು ಪ್ರಾಜೆಕ್ಟಿಗೆ ಸೇರಿಸಿದ್ದರು. ಗ್ರೂಪಿನಲ್ಲಿ ಟೇಸ್ಟರ್ ಸರ್ ಇದ್ದರು. ನಾನು ಸೀಸನ್ ಪೂರ್ತಿ ಮುಂಬಾಗಿಲ ಬೀಗ ಎಳೆದೆಳೆದು ನೋಡಿದ್ದೆ, ಹಿತ್ತಿಲ ಬಾಗಿಲು ಹಾರುಹೊಡೆದಿತ್ತು. ತರಬೇತಿಯಲ್ಲಿ ಇದನ್ನು ಹೇಳಿದ್ದರಂತೆ.

ಸಾಫ್ಟ್‌ವೇರಿನವರು ಇನ್ನೊಂದು ವಿಷಯವನ್ನೂ ಪರೀಕ್ಷಿಸಿ ತಿಳಿಸಿದರು. ಟೇಸ್ಟರ್ ಸರ್ ಅಂದಿನವರೆಗೆ ಒಂದು ಟಾಸ್ಕನ್ನೂ ತೆರೆದಿರಲಿಲ್ಲ, ಸಂದೇಶಗಳು ಬಂದದ್ದೂ ಅದೇ ಮೊದಲು. ನನಗೆ ಹೋದ ಜೀವ ಬಂದಂತಾಯಿತು. ಮ್ಯಾನೇಜರ್ ಕೂಡ ಹಾಗಿದ್ದರೆ ಬಿಡಿ ಎಂದರು. ಟೇಸ್ಟರ್ ಸರ್ ಬಿಡಲಿಲ್ಲ.

“ನಾನು ನೋಡ್ಲಿಲ್ಲ ಅಂತ ಕಂಪ್ಯೂಟರ್ ಹೇಳ್ತದೆ, ಸರಿ. ಬೇರೆ ಬೆಳೆಗಾರ್ರು ಕಂಪ್ಯೂಟರ್ನ ಕೇಳ್ತಾರಾ? ಅವ್ರಿಗೆ ನನ್ನ ತಂಗಿ ಹೆಸ್ರು ಕಾಣ್ತದೆ.”

ಆ ಲಾಟನ್ನು ಕೈಬಿಡಿ ಎಂದು ತಾವೇ ಬರೆದುಕೊಟ್ಟರು. ಹೊರಗಿನವರಿಂದ ಮತ್ತೆ ರುಚಿ ನೋಡಿಸೋಣವೆಂದರೆ ಖರೀದಿದಾರರು ಕೊಟ್ಟಿದ್ದ ಗಡುವು ಆ ವಾರವೇ ಮುಗಿಯಿತು. ಹಣ್ಣು ಒಂದೊಂದನ್ನೇ ಆರಿಸಿ ಕೊಯ್ಯಿಸಿ, ಅವರ ತಂಗಿ ಕೈಯಾರೆ ಒಣಗಿಸಿದ್ದ ಕಾಫಿ ಮಾಮೂಲಿ ರಾಶಿಗೆ ಸೇರಿಹೋಯಿತು. ಪತ್ರದಲ್ಲಿ ನನ್ನ ಹೆಸರು ಇರಲಿಲ್ಲ. ಸರಿಯಾಗಿ ವಿಚಾರಿಸಬೇಕಾಗಿದ್ದವನು ನಾನು ಎಂದಷ್ಟೇ ಬರೆದಿದ್ದರು. ನಾನು ಮೂಲೆಯಲ್ಲಿ ನಿಂತು ಅಳುತ್ತಿದ್ದರೆ, ಮೂಗು ಕಟ್ಟಿಕೊಂಡರೆ ನಾಳೆ ಪರಿಮಳ ಹೇಗೆ ನೋಡುತ್ತೀ ಎಂದು ಗದರಿಸಿದರು. ಮರುದಿನದಿಂದ ಇಬ್ಬರೂ ಸೇರಿ ಟಾಸ್ಕಿನದು, ಪ್ರಾಜೆಕ್ಟಿನದು ಎರಡೂ ಪಟ್ಟಿ ನೋಡತೊಡಗಿದೆವು.

ತಂಗಿ ಅಣ್ಣನ ಮನೆಗೆ ಬರುವುದನ್ನೇ ಬಿಟ್ಟಿದ್ದಾರೆ ಎಂದು ಆಫೀಸಿನಲ್ಲಿ ಮಾತು ಕೇಳಿದೆ. ಲಾಟ್ ಕೈತಪ್ಪಿದ ಸಿಟ್ಟು, ಇಂದಲ್ಲ ನಾಳೆ ಇಳಿಯುತ್ತದೆ ಎಂದುಕೊಂಡೆ. ಟೇಸ್ಟರ್ ಸರ್ ಕೂಡ ಅದರ ಸುದ್ದಿ ಎತ್ತಲಿಲ್ಲ, ಕೇಳುವ ಧೈರ್ಯ ನನಗೂ ಇರಲಿಲ್ಲ. ಹೀಗೆ ಎರಡು ವರ್ಷ ಕಳೆಯಿತು. ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಟೇಸ್ಟರ್ ಸರ್ ಹೃದಯಾಘಾತದಿಂದ ತೀರಿಕೊಂಡರು.

ಹನ್ನೊಂದನೆಯ ದಿನದ ತಿಥಿಗೆ ಹೋಗಿದ್ದೆ. ಊಟವಾದ ಮೇಲೆ ಅವರ ತಂಗಿ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

“ಯಾರ ತಪ್ಪು ಹೇಳು, ಆಫೀಸಿಗೇ ಬಂದು ಕೇಳ್ತೇನೆ ಅಂತ ಅಣ್ಣನಿಗೆ ಅಂದೆ. ಯಾರ್ದೂ ಅಲ್ಲ, ಕದ್ದು ಹೆಸ್ರು ನೋಡ್ದವ ನಾನೇ ಅಂದ. ನನ್ನ ಕಾಫಿಗೆ ಆ ಯೋಗ್ಯತೆ ಇರ್ಲಿಲ್ಲ, ಅಣ್ಣ ಸುಮ್ನೆ ಅಂಕ ಹಾಕಿದ್ದ ಅಂತ ಆಯ್ತಲ್ಲ. ಮತ್ತೆ ನಾನು ಅವನನ್ನ ಮಾತಾಡಿಸ್ಲಿಲ್ಲ.”

ನೋಡಬಹುದಿತ್ತು ಎಂಬ ಒಂದೇ ಕಾರಣಕ್ಕೆ ತಂಗಿಯ ಲಾಟನ್ನು ಬಿಟ್ಟುಕೊಟ್ಟ ಮನುಷ್ಯ, ನೋಡಿದೆ ಎಂದು ಅದೇ ತಂಗಿಗೆ ಸುಳ್ಳು ಹೇಳಿದ್ದರು. ನಿನ್ನೆ ಮೊನ್ನೆ ಬಂದ ನನ್ನ ಕೆಲಸ ಉಳಿಸಲಿಕ್ಕೆ ಒಡಹುಟ್ಟಿದವಳನ್ನು ಕಳೆದುಕೊಳ್ಳುವುದು ಯಾವ ಲೆಕ್ಕ? ಈಗಲೂ ಯೋಚಿಸುತ್ತೇನೆ, ಈಗಲೂ ತಿಳಿಯುವುದಿಲ್ಲ. ಅವರ ಮೇಲೆ ಸಿಟ್ಟೂ ಬರುತ್ತದೆ.

ಎಲ್ಲವನ್ನೂ ಹೇಳಿದೆ. ಟೇಸ್ಟರ್ ಸರ್ ಯಾವುದನ್ನೂ ತೆರೆದಿರಲಿಲ್ಲ, ನಿಮ್ಮ ಹೆಸರು ಗೊತ್ತಿಲ್ಲದೆಯೇ ಕೊಟ್ಟ ಅಂಕ ಅದು, ಪಟ್ಟಿ ನೋಡುವುದು ತಿಳಿಯದೆ ತಪ್ಪು ಮಾಡಿದವಳು ನಾನು ಎಂದೆ. ಅವರು ಬೈಯಲಿಲ್ಲ.

“ಅವ ಇದ್ದಾಗ್ಲೇ ಬಂದು ಹೇಳಿದ್ರೆ ಆಗ್ತಿತ್ತಲ್ಲ ಮಗಳೇ,” ಎಂದರು.

ಕಳಸಕ್ಕೆ ದಿನವೂ ಬಸ್ಸಿತ್ತು. ನಾನು ಹೋಗಿರಲಿಲ್ಲ.